ಹಸಿ ಕವಳಿಯ ರಸ

ಕವಳಿಕಾಯಿಯನ್ನು ಗಿಡದಿಂದ ಕಿತ್ತ ಕೂಡಲೇ ತೊಟ್ಟಿನಲ್ಲಿ ಬಿಳಿ ಹಾಲು ಜಿನುಗುತ್ತದೆ. ಬೆರಳಿಗೆ ಹತ್ತಿದರೆ ಅಂಟು. ಸಾಬೂನು ಹಚ್ಚಿ ಉಜ್ಜಿದರೂ ಕರಿಯ ಕಲೆ ಉಳಿದೇ ಉಳಿಯುತ್ತದೆ. ನನ್ನ ಸಂಶೋಧನೆಯ ವರ್ಷಗಳಲ್ಲಿ ಬೇಸಿಗೆ ಬಂತೆಂದರೆ ನನ್ನ ಬೆರಳುಗಳು ಹಾಗೇ ಇರುತ್ತಿದ್ದವು. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ತಾಟಿನ ಮುಂದೆ ಕೂತಾಗ ಅವ್ವ ನನ್ನ ಕೈ ನೋಡಿ, "ಲಗ್ನ ಆಗೋ ಹುಡುಗಿ ಕೈ ಏನು ಇವು" ಎಂದು ಮುಖ ತಿರುವುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ಮದುವೆಯಾಗಿ ಕಮಲಾಪುರದಲ್ಲಿದ್ದಳು. ಭಾವ ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಅವರಿಗೆ ಮಕ್ಕಳಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಜೀವರಸಾಯನದಲ್ಲಿ ಎಂ.ಎಸ್ಸಿ. ಮುಗಿಸಿ ಕುಸನೂರಿನ ಹತ್ತಿರದ ವಿಶ್ವವಿದ್ಯಾಲಯದಲ್ಲಿಯೇ ಪಿಎಚ್.ಡಿ.ಗೆ ಸೇರಿದ್ದೆ. ಆಗ ವಿಭಾಗದಲ್ಲಿ ಎಲ್ಲರ ಬಾಯಲ್ಲೂ ಒಂದೇ ಶಬ್ದ, ಆ್ಯಂಟಿಆಕ್ಸಿಡೆಂಟ್. ನಾವು ಉಸಿರಾಡುವ ಆಮ್ಲಜನಕವೇ ದೇಹದೊಳಗೆ ಜೀವಕೋಶಗಳನ್ನು ಸವೆಸುತ್ತದೆ, ಆ ಸವೆತವನ್ನು ತಡೆಯುವ ವಸ್ತುಗಳು ಹಣ್ಣು ಸೊಪ್ಪುಗಳಲ್ಲಿ ಇರುತ್ತವೆ ಎಂದು ಓದುತ್ತಿದ್ದೆವು. ನನಗೆ ಮಾರ್ಗದರ್ಶಕರಾಗಿದ್ದ ಸರ್ ಹೆಚ್ಚು ಮಾತಾಡುವವರಲ್ಲ. ಒಂದು ದಿನ ಚಹಾ ಕುಡಿಯುತ್ತ ಹೇಳಿದರು: "ದ್ರಾಕ್ಷಿ, ಸೇಬು ಎಲ್ಲಾರೂ ಮಾಡ್ತಾರವಾ. ನಮ್ಮ ಕಡೆ ಅಡವಿ ಹಣ್ಣು ಯಾರೂ ನೋಡಿಲ್ಲ. ಕಾಯಿ ಇದ್ದಾಗ ಎಷ್ಟು ಇರ್ತದ, ಹಣ್ಣು ಆಗೋತನಕ ಏನು ಆಗ್ತದ, ಅಷ್ಟ ಹಿಡಿ. ನಿನಗ ಸಾಕಾಗ್ತದ."

ಯಾವ ಹಣ್ಣು ಎಂದು ನಿಶ್ಚಯಿಸಿದವಳು ಅಕ್ಕ. ಯುಗಾದಿಗೆ ಬಂದಿದ್ದಳು. ಹೋಳಿಗೆಗೆ ಹೂರಣ ರುಬ್ಬುತ್ತ ಕೇಳಿದಳು, "ಕವಳಿ ಆಗಂಗಿಲ್ಲೇನು? ನಮ್ಮ ಊರ ಗುಡ್ಡದಾಗ ರಗಡ ಅವ. ನೀ ಬಂದ್ರ ನನಗೂ ಬ್ಯಾಸರ ಕಳೀತದ." ಅವ್ವ ಮರಾಠಿಯಲ್ಲಿ, "ಕರವಂದದಾಗ ಏನು ಸಂಶೋಧನಾ ಮಾಡ್ತೀರಿ, ಉಪ್ಪಿನಕಾಯಿ ಹಾಕೋದು ಬಿಟ್ಟು" ಎಂಬರ್ಥದ ಮಾತು ಹೇಳಿ ನಕ್ಕಳು. ಅವಳ ಮರಾಠಿಯಲ್ಲಿ ಕವಳಿ ಎಂದರೆ ಕರವಂದ. ಸರ್‌ಗೆ ಹೇಳಿದಾಗ ಅವರು ಒಪ್ಪಿದರು.

ಜಗತ್ ಸರ್ಕಲಿನಲ್ಲಿ ಸಿಟಿ ಬಸ್ಸು ಇಳಿದು, ಬಸ್‌ಸ್ಟ್ಯಾಂಡಿಗೆ ಹೋಗಿ ಹುಮನಾಬಾದದ ಕಡೆಯ ಬಸ್ಸು ಹಿಡಿದರೆ ಬಿಸಿಲೇರುವ ಮೊದಲು ಕಮಲಾಪುರ. ನಿಲ್ದಾಣದಲ್ಲಿ ಕೆಂಪು ಬಾಳೆಯ ಗೊನೆಗಳನ್ನು ಒರಗಿಸಿಟ್ಟುಕೊಂಡು ಮಾರುವವರು. ಅವರ ಬದಿಗೆ ಐಸ್‌ಕ್ಯಾಂಡಿಯ ಅಂಗಡಿ. ಮರಳಿ ಹೋಗುವಾಗ ಅಲ್ಲಿಂದ ಬರ್ಫ ತೆಗೆದುಕೊಂಡು ಥರ್ಮಾಸಿನಲ್ಲಿ ತುಂಬುತ್ತಿದ್ದೆ, ಏಕೆಂದರೆ ಕವಳಿಯೊಳಗಿನ ಸಿ ಜೀವಸತ್ವ ಬಿಸಿಗೆ ನಿಲ್ಲುವುದಿಲ್ಲ. ಕಿತ್ತ ದಿನವೇ ಅರೆದು, ಸೋಸಿ, ಅಳೆಯಬೇಕು. ಒಂದು ದಿನ ತಡವಾದರೆ ನಾನು ಅಳೆಯುವುದು ಗಿಡದ ಮೇಲಿನ ಕಾಯಿಯನ್ನಲ್ಲ, ಚೀಲದಲ್ಲಿ ಬಾಡಿದ ಕಾಯಿಯನ್ನು.

ಗುಡ್ಡ ದೊಡ್ಡದೇನಲ್ಲ. ಕೆಂಪು ಕಲ್ಲು, ಕೆಂಪು ಮಣ್ಣು, ಮೊಣಕಾಲು ಗೀಚುವ ಮುಳ್ಳು. ಮೊದಲ ವರ್ಷ ಅಕ್ಕ ಸೀರೆ ಎತ್ತಿ ಸೊಂಟಕ್ಕೆ ಸಿಗಿಸಿ ನನ್ನ ಮುಂದೆ ಮುಂದೆ ಏರುತ್ತಿದ್ದಳು. ಗುಡ್ಡದ ಬುಡದ ಓಣಿಯಲ್ಲಿ ಒಬ್ಬ ಹೆಂಗಸಿದ್ದಳು. ಕಲ್ಲಿನ ಗಣಿಯಲ್ಲಿ ಕೂಲಿ, ಬೇಸಿಗೆಯ ಕೊನೆಗೆ ಹಣ್ಣು ಆಯ್ದು ಬುಟ್ಟಿಯಲ್ಲಿ ಬಸ್‌ಸ್ಟ್ಯಾಂಡಿಗೆ ಒಯ್ದು ಮಾರಾಟ. ಅವಳ ಮನೆಯ ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ನೀಲಿ ಕೋಟಿನ ಬಾಬಾಸಾಹೇಬರ ಪಟ ಇದ್ದವು. ನಾವು ಹಸಿರು ಕಾಯಿ ಕೀಳುವುದನ್ನು ಕಂಡು ಆಕೆ ಮೊದಲ ದಿನವೇ ಅಡ್ಡ ಬಂದಳು.

"ಅಕ್ಕೋರ, ಕಾಯಿ ಇದ್ದಾಗ ಹರದ್ರ ಹಣ್ಣು ಎಲ್ಲಿಂದ ಬರ್ಬೇಕ್ರೀ ನಮಗ?"

ಅಕ್ಕ ಅಲ್ಲೇ ಕಲ್ಲಿನ ಮೇಲೆ ಕೂತು ಮಾತಿಗಿಳಿದಳು. ತಂಗಿ ಕಲಿಯುತ್ತಿದ್ದಾಳೆ, ಸ್ವಲ್ಪ ಸ್ವಲ್ಪ ಬೇಕು, ಎಲ್ಲ ಗಿಡದಿಂದಲ್ಲ. ಕಡೆಗೆ ಒಪ್ಪಂದವಾಯಿತು. ಗುಡ್ಡದ ಪಡುವಣ ಬದಿಗಿರುವ ಕೆಲವು ಗಿಡ ನನಗೆ. ಅವುಗಳ ಟೊಂಗೆಗೆ ಕೆಂಪು ದಾರ ಕಟ್ಟಬೇಕು. ಉಳಿದವು ಅವಳವು. ದಾರವನ್ನು ಅಕ್ಕನೇ ಕಟ್ಟಿದಳು. ಆಮೇಲೆ ಆ ಹೆಂಗಸು ನಮ್ಮ ಜೊತೆಗೇ ಬಂದು, ಮುಳ್ಳು ಕಡಿಮೆ ಇರುವ ದಾರಿ ತೋರಿಸುತ್ತಿದ್ದಳು. ಅವಳಿಗೂ ಅಕ್ಕನಿಗೂ ಬಲು ಬೇಗ ಗೆಳೆತನವಾಯಿತು. ಇಬ್ಬರೂ ಸೇರಿ ಊರಿನ ಗಂಡಸರನ್ನು ಆಡಿಕೊಂಡು ನಗುತ್ತಿದ್ದರು. ನಾನು ಗಾಜಿನ ಬಾಟಲಿಗಳಿಗೆ ಚೀಟಿ ಅಂಟಿಸುತ್ತ ಕೇಳಿಸಿಕೊಳ್ಳುತ್ತಿದ್ದೆ.

ಆ ಬೇಸಿಗೆ ಪೂರ್ತಿ ಕೆಲಸ ಸರಿಯಾಗಿ ನಡೆಯಿತು. ಹಸಿರು ಕಾಯಿ, ಒಂದು ಮಗ್ಗುಲು ಕೆಂಪೇರಿದ ಕಾಯಿ, ಪೂರ್ತಿ ಕೆಂಪಾದದ್ದು, ಮೃಗಶಿರಾ ಮಳೆ ಬಿದ್ದ ಮೇಲೆ ಕಪ್ಪಾಗಿ ಮೆತ್ತಗಾದ ಹಣ್ಣು. ಪ್ರಯೋಗಾಲಯದಲ್ಲಿ ಒಂದೊಂದನ್ನೂ ಅರೆದು, ರಸವನ್ನು ನೀಲಿ ಬಣ್ಣದ ದ್ರಾವಣಕ್ಕೆ ಹನಿ ಹನಿಯಾಗಿ ಬಿಡಬೇಕು. ರಸದಲ್ಲಿ ಶಕ್ತಿ ಹೆಚ್ಚಿದ್ದಷ್ಟೂ ಕೆಲವೇ ಹನಿಗೆ ನೀಲಿ ಮಾಯವಾಗುತ್ತದೆ. ಕರೆಂಟು ಹೋಗುತ್ತಿತ್ತು. ವೋಲ್ಟೇಜು ಕುಸಿದಾಗ ಬಣ್ಣ ಅಳೆಯುವ ಯಂತ್ರದ ಮುಳ್ಳು ನಡುಗುತ್ತಿತ್ತು. ಆದರೂ ಉತ್ತರ ಸ್ಪಷ್ಟವಾಗಿತ್ತು. ಹಸಿರು ಕಾಯಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಬಾಯಿ ಒತ್ತುವ ಆ ಒಗರು, ಹಲ್ಲು ಚುಳ್ಳೆನಿಸುವ ಆ ಹುಳಿ, ಅವೇ ನಾನು ಹುಡುಕುತ್ತಿದ್ದವು. ಕೆಂಪೇರುತ್ತ ಹೋದಂತೆ ಒಗರು ಇಳಿಯುತ್ತದೆ, ಅದರ ಜೊತೆಗೆ ಶಕ್ತಿಯೂ ಇಳಿಯುತ್ತದೆ. ಪೂರ್ತಿ ಕಪ್ಪಾದಾಗ ಮಾತ್ರ ಮತ್ತೆ ಸ್ವಲ್ಪ ಏರುತ್ತದೆ. ಅದು ಆ ಕಪ್ಪು ಬಣ್ಣದ್ದು, ಬೇರೆ ಜಾತಿಯ ವಸ್ತು. ಸಿಹಿ ಬಂದಾಗ ಹಳೆಯದರಲ್ಲಿ ಬಹುಪಾಲು ಹೋಗಿರುತ್ತದೆ. ಸರ್ ನಾನು ಗ್ರಾಫಿನ ಮೇಲೆ ಎಳೆದ ರೇಖೆಯನ್ನು ನೋಡಿ, "ಒಂದ ವರ್ಷದ್ದು ನಂಬಬ್ಯಾಡ. ಇನ್ನೊಂದು ವರ್ಷ ಅವೇ ಗಿಡದ್ದು ಮಾಡು" ಎಂದರು.

ದಸರೆಗೆ ಅಕ್ಕ ಬಂದಳು. ಅಡಿಗೆಮನೆಯಲ್ಲಿ ಅವ್ವ ಇಲ್ಲದ ಹೊತ್ತು ನೋಡಿ ನನ್ನ ಕೈ ಹಿಡಿದು ತನ್ನ ಎಡಗಡೆಯ ಎದೆಯ ಮೇಲೆ ಇಟ್ಟುಕೊಂಡಳು. ರವಿಕೆಯ ಮೇಲಿಂದಲೇ ತಿಳಿಯುವಷ್ಟು ದಪ್ಪ, ಗಟ್ಟಿ ಗಂಟು.

"ಯಾವಾಗಿಂದ ಅದ?" ಎಂದೆ.

"ಗುಡ್ಡಕ್ಕ ಹೋಗ್ತಿದ್ವಿ ನೋಡು, ಆವಾಗಿಂದ. ಆವಾಗ ಒಂದು ಕವಳಿಕಾಯಿಯಷ್ಟ ಇತ್ತು."

"ಯಾಕ ಹೇಳಲಿಲ್ಲ?"

"ನೋವ ಇಲ್ಲಲ್ಲ ಅದಕ್ಕ. ನೋವಿದ್ರ ಹೇಳ್ತಿದ್ದೆ."

ನಾನು ಆಗ ಏನು ಹೇಳಿದೆನೋ ನೆನಪಿಲ್ಲ. ಸ್ಟೋವಿನ ಮೇಲೆ ಹಾಲು ಉಕ್ಕಿತು, ಅಕ್ಕ ಎದ್ದು ಹೋಗಿ ಇಳಿಸಿದಳು. ಅದು ನೆನಪಿದೆ.

ಕಲಬುರಗಿಯ ಡಾಕ್ಟರು ನೋಡಿ, ಇಲ್ಲಿ ಬೇಡ, ಹೈದರಾಬಾದಿಗೆ ಒಯ್ಯಿರಿ ಎಂದರು. ಭಾವ ರಜೆ ಹಾಕಿದರು. ದೀಪಾವಳಿಯ ಹೊತ್ತಿಗೆ ಆಪರೇಶನ್ ಆಗಿತ್ತು. ಅವ್ವ ಆ ವರ್ಷ ದೀಪ ಹಚ್ಚಿದಳು, ಆದರೆ ಬಾಗಿಲಿಗೆ ರಂಗೋಲಿ ಹಾಕಲಿಲ್ಲ. ಅಕ್ಕ ಮರಳಿ ಬಂದಾಗ ಎಡಗೈ ಊದಿತ್ತು, ಆದರೆ ಮಾತು ಮೊದಲಿನಂತೆಯೇ. ಕೂದಲು ಉದುರಿದ ಮೇಲೆ ಸೆರಗು ತಲೆಯ ಮೇಲೆ ಹೊದ್ದುಕೊಂಡು ಕನ್ನಡಿಯ ಮುಂದೆ ನಿಂತು, "ನಮ್ಮ ಅಜ್ಜಿ ಹಂಗ ಕಾಣಾಕತ್ತೀನಿ" ಎಂದಳು. ಅಜ್ಜಿ ಮಡಿ ಹೆಂಗಸು, ತಲೆ ಬೋಳಿಸಿಕೊಂಡವಳು. ಅವ್ವ ಅದನ್ನು ಕೇಳಿ ದೇವರ ಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಸಂಕ್ರಮಣದ ಹೊತ್ತಿಗೆ ಚೇತರಿಸಿಕೊಂಡ ಹಾಗಿತ್ತು. ಕಮಲಾಪುರಕ್ಕೆ ಹೋದಳು, ತಾನೇ ರೊಟ್ಟಿ ಬಡಿಯತೊಡಗಿದಳು. ಮಾಘ ಕಳೆಯುವುದರೊಳಗೆ ಬೆನ್ನು ನೋವು ಸುರುವಾಯಿತು. ಮತ್ತೆ ಹೈದರಾಬಾದು. ಎಲುಬಿಗೆ ಇಳಿದಿದೆ ಎಂದರು. ಮತ್ತೆ ಸಲಾಯನ್, ಮತ್ತೆ ವಾಂತಿ. ಈ ಸಲ ಡಾಕ್ಟರು ಭಾವನನ್ನು ಹೊರಗೆ ಕರೆದು ಏನೋ ಹೇಳಿದರು. ಏನೆಂದು ಭಾವ ನಮಗಾರಿಗೂ ಹೇಳಲಿಲ್ಲ. ನಾವು ಕೇಳಲಿಲ್ಲ.

ಚೈತ್ರದಲ್ಲಿ ಒಂದು ದಿನ ಭಾವ ನನ್ನ ಪ್ರಯೋಗಾಲಯಕ್ಕೆ ಬಂದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಬಿಸಿಲಲ್ಲಿ ಕುಸನೂರಿನಿಂದ ನಡೆದು ಬಂದಿದ್ದರು, ಅಂಗಿ ಬೆನ್ನಿಗೆ ಅಂಟಿತ್ತು. ಜೇಬಿನಿಂದ ದಿನಪತ್ರಿಕೆಯ ಪುರವಣಿಯ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರವಿದರು. ಹಣ್ಣುಗಳಲ್ಲಿರುವ ಆ್ಯಂಟಿಆಕ್ಸಿಡೆಂಟುಗಳು ಕ್ಯಾನ್ಸರನ್ನು ತಡೆಯುತ್ತವೆ ಎಂದು ದಪ್ಪ ಅಕ್ಷರದಲ್ಲಿತ್ತು.

"ನೀ ಇದರ ಮ್ಯಾಲೇ ಕೆಲಸ ಮಾಡಾಕತ್ತೀದಿ ಅಲ್ಲ?"

"ಹೌದ್ರೀ ಭಾವ."

"ಕವಳಿಯೊಳಗ ಅದ ಏನು ಇದು?"

"ಅದರೀ. ಆದ್ರ ಇದು ನಾವು ಗಾಜಿನ ನಳಿಗಿಯೊಳಗ ನೋಡೋದು. ಮೈಯೊಳಗ ಹೋದ ಮ್ಯಾಲೆ ಎಷ್ಟು ಉಳೀತದ, ಎಲ್ಲಿ ಹೋಗ್ತದ, ಯಾರಿಗೂ ಗೊತ್ತಿಲ್ಲ. ಬರೋದಕ್ಕ ಮೊದಲ ತಡೀಬಹುದು ಅಂತ ಅಂತಾರ, ಅದೂ ಪಕ್ಕಾ ಇಲ್ಲ. ಬಂದದ್ದು ವಾಸಿ ಮಾಡ್ತದ ಅಂತ ಎಲ್ಲೂ ಇಲ್ರೀ."

ಅವರು ತಲೆಯಾಡಿಸಿದರು. ಗಣಿತದ ಮಾಸ್ತರರು, ಒಂದೊಂದು ಮಾತನ್ನೂ ಲಕ್ಷ್ಯಗೊಟ್ಟು ಕೇಳಿದರು. ಆಮೇಲೆ ಕೇಳಿದರು, "ಕಾಯಿಯೊಳಗ ಜಾಸ್ತಿನೋ, ಹಣ್ಣಿನೊಳಗ ಜಾಸ್ತಿನೋ?"

"ಕಾಯಿಯೊಳಗ."

"ಹಸೀದು?"

"ಹೌದ್ರೀ, ಹಸಿರಿದ್ದಾಗ."

ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡು, ನೀರು ಕುಡಿದು ಹೊರಟರು. ನಾನು ಅವರ ಜೊತೆ ಬಸ್ಸಿನವರೆಗೆ ಹೋದೆ.

ಆ ತಿಂಗಳು ನನಗೆ ಬಿ.ಎಸ್ಸಿ. ಪರೀಕ್ಷೆಯ ಪ್ರ್ಯಾಕ್ಟಿಕಲ್ ಕೆಲಸ ಬಿತ್ತು. ಕಮಲಾಪುರಕ್ಕೆ ಹೋಗುವುದು ತಡವಾಯಿತು. ಹೋದ ದಿನ ಮೊದಲು ಗುಡ್ಡಕ್ಕೇ ಹೋದೆ, ಬಿಸಿಲೇರುವ ಮೊದಲು ಕಾಯಿ ಕಿತ್ತರೆ ಆಮೇಲೆ ಅಕ್ಕನ ಹತ್ತಿರ ಕೂರಬಹುದೆಂದು. ಪಡುವಣ ಬದಿಯ ಗಿಡಗಳಲ್ಲಿ ದಾರ ಇತ್ತು, ಕಾಯಿ ಇರಲಿಲ್ಲ. ಒಂದೂ ಇರಲಿಲ್ಲ. ಎಲೆ ಹರಿದಿದ್ದವು, ಚಿಗುರು ಟೊಂಗೆ ಮುರಿದಿದ್ದವು. ಕೀಳಲು ಬಾರದವರು ಆತುರದಿಂದ ಕಿತ್ತ ಹಾಗೆ. ಕೆಳಗಿಳಿದು ಬಂದಾಗ ಆ ಹೆಂಗಸು ಮನೆಯ ಮುಂದೆ ನೀರು ಹೊರುತ್ತಿದ್ದಳು.

"ನಿಮ್ಮ ಗಿಡದ್ದು ನಾ ಹರದಿಲ್ರೀ" ಎಂದಳು, ನಾನು ಕೇಳುವ ಮೊದಲೇ. "ಮಾಸ್ತರ ಬರ್ತಾರ. ದಿನಾ ಹೊತ್ತು ಮೂಡೋ ಮುಂದ ಬರ್ತಾರ, ಚೀಲ ತಗೊಂಡು. ನಿಮ್ಮ ಗಿಡ ಮುಗದು ನಮ್ಮ ಗಿಡಕ್ಕ ಕೈ ಹಚ್ಯಾರ. ಏನು ಅನ್ಬೇಕ್ರೀ ಅವರಿಗೆ? ಕೈಯೆಲ್ಲಾ ರಕ್ತ ಇರ್ತದ, ನೋಡಾಕ ಆಗಂಗಿಲ್ಲ."

ಅಕ್ಕನ ಮನೆಗೆ ಹೋದೆ. ಪಡಸಾಲೆಯಲ್ಲಿ ಒರಳಕಲ್ಲೊಳಗೆ ಅರೆದ ಹಸಿರು ಹಿಂಡಿ, ಅದರ ಬದಿಗೆ ರಸ ಸೋಸಿದ ಬಿಳಿ ಪಂಜೆಯ ತುಂಡು, ಕಾಯಿಯ ಹಾಲಿನಿಂದ ಕರಿ ಹಿಡಿದದ್ದು. ಭಾವ ಸ್ಟೀಲಿನ ಲೋಟ ಹಿಡಿದು ಅಕ್ಕನ ಮಂಚದ ಬದಿಗೆ ನಿಂತಿದ್ದರು. ನನ್ನನ್ನು ನೋಡಿ, "ಬಾ. ಈಗ ಕುಡಿಯೋ ಹೊತ್ತು" ಎಂದರು.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಔಷಧದಿಂದ ಬಾಯೊಳಗೆ, ತುಟಿಯ ಅಂಚಿಗೆ, ನಾಲಗೆಯ ಮೇಲೆ ಹುಣ್ಣು. ಅನ್ನದ ಗಂಜಿಗೆ ಉಪ್ಪು ಹಾಕಿದರೂ ನುಂಗುವುದು ಕಷ್ಟವಾಗಿತ್ತು. ಹಸಿ ಕವಳಿಯ ಹುಳಿ ಎಂಥದೆಂದು ನನಗೆ ಗೊತ್ತು. ರಸ ತೆಗೆಯುವಾಗ ಬೆರಳಲ್ಲಿ ಸಣ್ಣ ಗೀರು ಇದ್ದರೂ ಉರಿಯುತ್ತಿತ್ತು. ಅವಳು ಲೋಟವನ್ನು ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿ, ಒಂದೇ ಸಲಕ್ಕೆ ಕುಡಿದಳು. ಕುತ್ತಿಗೆಯ ನರ ಬಿಗಿದವು. ಕಣ್ಣಂಚಿನಿಂದ ನೀರು ಇಳಿಯಿತು. ಲೋಟ ಮರಳಿ ಕೊಟ್ಟು, "ಇವತ್ತಿಂದು ಆತು" ಎಂದಳು. ಭಾವ ಲೋಟ ತೊಳೆಯಲು ಹಿತ್ತಲಿಗೆ ಹೋದರು. ಅವರ ಬೆರಳುಗಳಿಗೆಲ್ಲ ಮುಳ್ಳಿನ ಗೀರು.

"ಅಕ್ಕ, ಇದನ್ನ ಇವತ್ತ ನಿಂದ್ರಸ್ತೀನಿ" ಎಂದೆ. "ಇದರಿಂದ ಏನೂ ಆಗಂಗಿಲ್ಲ. ನಾ ಅವರಿಗೆ ಹೇಳೀನಿ."

"ನೀ ಹೇಳೀದಿ ಅಂತ ಅವರೂ ಹೇಳ್ಯಾರ ನನಗ."

"ಮತ್ತ?"

ಅವಳು ಸೆರಗಿನಿಂದ ತುಟಿ ಒತ್ತಿಕೊಂಡಳು. "ಬ್ಯಾಡ ಅನಬ್ಯಾಡ ಅವರಿಗೆ. ಮುಂಜಾನೆ ಎದ್ದು ಗುಡ್ಡಕ್ಕ ಹೋಗ್ತಾರ, ಬಂದು ಅರೀತಾರ, ಸೋಸ್ತಾರ. ಅದು ಮುಗಿಯೋದ್ರೊಳಗ ಸಾಲಿ ಹೊತ್ತು ಆಗ್ತದ. ಅದೂ ಇಲ್ಲಂದ್ರ ಇಲ್ಲಿ ಕುರ್ಚಿ ಮ್ಯಾಲೆ ಕೂತು ನನ್ನ ನೋಡ್ಕೋತ ಇರ್ತಾರ. ಅದು ನನಗ ಇದಕ್ಕಿಂತ ಜಾಸ್ತಿ ಉರೀತದ."

ಹಿತ್ತಲಿನಿಂದ ಲೋಟದ ಸಪ್ಪಳ ನಿಂತಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಭಾವನಿಗೆ ಒಂದು ಮಾತು ಹೇಳಿದೆ. ಹಣ್ಣು ಪೂರ್ತಿ ಕಪ್ಪಾದ ಮೇಲೆ ಅದರೊಳಗೆ ಬೇರೆ ಜಾತಿಯದು ಬರುತ್ತದೆ, ಬಣ್ಣದಲ್ಲಿ ಇರುವಂಥದು. ಹಸಿ ಕಾಯಿಯಲ್ಲಿ ಅದು ಇರುವುದೇ ಇಲ್ಲ. ಕಾಯಿ ರಸ ಇಷ್ಟು ದಿನ ಆಯಿತು, ಇನ್ನು ಅದು ಬರುವ ತನಕ ಬಿಟ್ಟು, ಕಪ್ಪು ಹಣ್ಣು ಕೊಡೋಣ ಎಂದೆ. ಅದರಲ್ಲಿ ಸುಳ್ಳು ಇರಲಿಲ್ಲ. ನನ್ನ ಮೊದಲ ವರ್ಷದ ರೇಖೆಯಲ್ಲಿ ಆ ಏರು ಇತ್ತು. ಅದು ಸಿಹಿ, ಬಾಯಿ ಸುಡುವುದಿಲ್ಲ ಎಂಬುದನ್ನು ಮಾತ್ರ ನಾನು ಬಾಯಿ ಬಿಟ್ಟು ಹೇಳಲಿಲ್ಲ.

ಭಾವ ತುತ್ತು ಕಲಸುವುದನ್ನು ನಿಲ್ಲಿಸಿ ಯೋಚಿಸಿದರು. "ಎರಡೂ ಕೂಡಿ ಕೊಟ್ರ?"

"ಬ್ಯಾಡ್ರೀ. ಒಂದಾದ ಮ್ಯಾಲೆ ಒಂದು."

"ಹಣ್ಣು ಯಾವಾಗ ಆಗ್ತಾವ?"

"ಮಳಿ ಬಿದ್ದ ಮ್ಯಾಲೆ."

ಮರುದಿನದಿಂದ ಅವರು ಗುಡ್ಡಕ್ಕೆ ಹೋಗುವುದನ್ನು ಬಿಟ್ಟರು. ಆದರೆ ಅಕ್ಕ ಅಂದಂತೆಯೇ ಆಯಿತು. ಅದೇ ವಾರ ಸಾಲೆಗೂ ಬೇಸಿಗೆಯ ಸೂಟಿ ಬಿತ್ತು. ದಿನವಿಡೀ ಅವರು ಮಂಚದ ಎದುರಿನ ಕುರ್ಚಿಯಲ್ಲಿ ಕೂತಿರುತ್ತಿದ್ದರು. ನಾನು ಹೋದಾಗಲೆಲ್ಲ ಅವಳು ಏನಾದರೊಂದು ನೆಪ ಹೇಳಿ ಅವರನ್ನು ಹೊರಗೆ ಕಳಿಸುತ್ತಿದ್ದಳು. ಹಾಲು ತರಲು, ಬರ್ಫ ತರಲು, ಮೋಡ ಆಗಿದೆಯೇ ನೋಡಲು.

ಮಳೆ ತಡವಾಯಿತು. ನನ್ನ ಗಿಡಗಳು ಬರಿದಾದ್ದರಿಂದ ಆ ವರ್ಷದ ಕೆಲಸ ಕೆಟ್ಟಿತ್ತು. ಸರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ, "ಒಂದು ವರ್ಷ ಮುಂದ ಹೋಗ್ತದ. ಹೋಗಲಿ. ನೀ ಮನೀಗೆ ಹೋಗು, ಅಕ್ಕನ ಹಂತೇಕ ಇರು" ಎಂದರು. ನಾನೂ ಅವ್ವನೂ ಕಮಲಾಪುರಕ್ಕೆ ಹೋಗಿ ಅಲ್ಲೇ ಉಳಿದೆವು. ಅವ್ವ ಅವಳ ಹತ್ತಿರ ಕೂತು ವಿಷ್ಣುಸಹಸ್ರನಾಮ ಹೇಳುವಳು, ನಡುವೆ ಮರಾಠಿಯಲ್ಲಿ ಅಪ್ಪನ ಕಾಲದ ಯಾವುದೋ ಕಥೆ ತೆಗೆಯುವಳು. ಅಕ್ಕನಿಗೆ ನೋವಿನ ಗುಳಿಗೆಯ ಮಂಪರು ಇರುತ್ತಿತ್ತು. ಎಚ್ಚರವಿದ್ದಾಗ ಕೆಲವು ಸಲ ಕೇಳುತ್ತಿದ್ದಳು, "ಕಪ್ಪ ಆದುವೇನು?"

ಮೊದಲ ಹಣ್ಣು ತಂದವಳು ಗುಡ್ಡದ ಬುಡದ ಆ ಹೆಂಗಸು. ಮಳೆ ಒಂದೆರಡು ಸಲ ಬಿದ್ದು ಹೋಗಿತ್ತು. ಬಾಗಿಲ ಹೊರಗೇ ನಿಂತು ಮುತ್ತುಗದ ಎಲೆಯ ದೊನ್ನೆ ಚಾಚಿದಳು. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವ್ವನ ಜೀವಮಾನದಲ್ಲಿ ಅಂಥ ಓಣಿಯವರಾರೂ ನಮ್ಮವರ ಮನೆಯ ಹೊಸ್ತಿಲು ದಾಟಿ ಬಂದದ್ದಿಲ್ಲ. ಅಕ್ಕ ಮಂಚದ ಮೇಲಿಂದ, "ಒಳಗ ಬಾ. ಇಲ್ಲಿ ಕೂಡು" ಎಂದಳು. ಆ ಹೆಂಗಸು ಅವ್ವನ ಮುಖ ನೋಡಿದಳು. ಅವ್ವ ಒಂದು ಕ್ಷಣ ನಿಂತು, ಬಾಗಿಲು ಬಿಟ್ಟು ಒಳಗೆ ಹೋದಳು. ಅದನ್ನು ಒಪ್ಪಿಗೆ ಎಂದು ತಿಳಿಯಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ. ಆಕೆ ಬಂದು ಮಂಚದ ಬದಿಗೆ ನೆಲದ ಮೇಲೆ ಕೂತಳು.

ಅಕ್ಕ ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ತುಟಿ ನೇರಳೆ ಬಣ್ಣವಾಯಿತು.

"ಸೀ ಅವ ಏನ್ರೀ ಅಕ್ಕೋರ?"

"ಗೊತ್ತಾಗವಲ್ದು ನನಗ. ಯಾವುದೂ ರುಚಿ ಹತ್ತವಲ್ದು." ಅಕ್ಕ ನನ್ನ ಕಡೆ ದೊನ್ನೆ ತಳ್ಳಿದಳು. "ನೀ ತಿಂದು ಹೇಳು."

ನಾನು ತಿಂದೆ. ಬಹಳ ಸಿಹಿ ಇದ್ದವು. ಹಾಗೆಂದು ಹೇಳಿದೆ. ಆ ಹೆಂಗಸೂ ಒಂದು ತಿಂದಳು. ಅವಳು ತಲೆ ತಗ್ಗಿಸಿ, ಸೆರಗು ಬಾಯಿಗೆ ಹಿಡಿದುಕೊಂಡಳು. ಭಾವ ಹೊರಗಿನಿಂದ ಬಂದವರು ದೊನ್ನೆ ನೋಡಿ, "ಬಂದುವೇನು" ಎಂದು, ಚಪ್ಪಲಿಯನ್ನೂ ಬಿಡದೆ ಚೀಲ ತೆಗೆದುಕೊಂಡು ಮತ್ತೆ ಹೊರಟರು.

ಆಷಾಢ ಹಿಡಿದ ಮೇಲೆ ಅವಳು ಹಣ್ಣನ್ನೂ ಬಿಟ್ಟಳು. ಒಂದು ಮಧ್ಯಾಹ್ನ, ಅವ್ವ ತಲೆಯ ಬದಿಗೆ ಕೂತು ಗಾಳಿ ಬೀಸುತ್ತಿದ್ದಾಗ, ಉಸಿರು ನಿಧಾನವಾಗುತ್ತ ಹೋಗಿ ನಿಂತಿತು. ಅವ್ವ ಬೀಸಣಿಗೆ ಬೀಸುತ್ತಲೇ ಇದ್ದಳು. ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡೆ. ಭಾವ ಹಿತ್ತಲಿನಲ್ಲಿ ಹಣ್ಣು ತೊಳೆಯುತ್ತಿದ್ದರು. ನಾನು ಹೋಗಿ ಕರೆಯಬೇಕಾಯಿತು.

ಮರು ಬೇಸಿಗೆ ನಾನು ಗುಡ್ಡಕ್ಕೆ ಒಬ್ಬಳೇ ಹೋದೆ. ಹೋಗದೆ ಪ್ರಬಂಧ ಮುಗಿಯುತ್ತಿರಲಿಲ್ಲ. ಗಿಡಗಳು ಮತ್ತೆ ಕಾಯಿ ಹಿಡಿದಿದ್ದವು, ಮುರಿದ ಟೊಂಗೆಗಳ ಪಕ್ಕದಿಂದ ಹೊಸವು ಬಂದಿದ್ದವು. ಹಸಿರು, ಕೆಂಪು, ಕಪ್ಪು, ಎಲ್ಲವನ್ನೂ ಕಿತ್ತು, ಅರೆದು, ಅಳೆದೆ. ರೇಖೆ ಮೊದಲ ವರ್ಷದ್ದನ್ನೇ ಹೋಲುತ್ತಿತ್ತು. ಸರ್ ತೃಪ್ತರಾದರು. ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪ್ರೊಫೆಸರರು, "ಇದರಿಂದ ರೋಗಿಗಳಿಗೆ ಏನಾದರೂ ಪ್ರಯೋಜನ ಉಂಟೆ?" ಎಂದು ಕೇಳಿದರು. ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಈ ಪ್ರಬಂಧದಿಂದ ಹಾಗೆ ಹೇಳಲು ಬರುವುದಿಲ್ಲ ಎಂದು ಉತ್ತರ ಕೊಟ್ಟೆ. ಅವರು ಮೆಚ್ಚಿ ತಲೆಯಾಡಿಸಿದರು. ಮನೆಗೆ ಬಂದು ಅವ್ವನಿಗೆ ಹೇಳಿದಾಗ ಅವಳು, "ಮುಗೀತಲ್ಲ ಆ ಕರವಂದದ ಕೆಲಸ?" ಎಂದಳು. ಮುಗಿಯಿತೆಂದೆ. "ಛಲೋ ಆತು" ಎಂದು ಬತ್ತಿ ಹೊಸೆಯಲು ಕೂತಳು.

ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಭಾವ ವರ್ಗವಾಗಿ ಬೇರೆ ಊರಿಗೆ ಹೋದರು. ಮತ್ತೆ ಲಗ್ನವಾಗಲಿಲ್ಲ. ಹಬ್ಬಕ್ಕೆ ಕರೆದರೂ ಬರುತ್ತಿರಲಿಲ್ಲ. ವರ್ಷಕ್ಕೊಮ್ಮೆ ತಿಥಿಯ ದಿನ ಮಾತ್ರ ಬಂದು, ಊಟ ಮುಗಿಸಿ ಹೊರಡುತ್ತಿದ್ದರು. ಅವ್ವನ ಮುಂದೆ ಅಕ್ಕನ ಮಾತು ತೆಗೆಯುತ್ತಿರಲಿಲ್ಲ.

ಅವರು ನಿವೃತ್ತರಾಗುವ ಮೊದಲಿನ ವರ್ಷ, ಪೆನ್ಷನ್ನಿನ ಕೆಲಸಕ್ಕೆಂದು ಕಲಬುರಗಿಗೆ ಬಂದಿದ್ದರು. ಕಾಲೇಜು ಬಿಟ್ಟು ಬರುವಾಗ ಜಗತ್‌ದಲ್ಲಿ ಸಿಕ್ಕರು. ಒಂದು ಹೋಟೆಲಿನಲ್ಲಿ ಕೂತು ಚಹಾ ಹೇಳಿದೆವು. ಕಾಲ ಬದಲಾಗಿತ್ತು. ಎದುರಿನ ಔಷಧದ ಅಂಗಡಿಯ ಕಪಾಟಿನಲ್ಲಿ ಹಣ್ಣಿನ ರಸದ ಬಾಟಲಿಗಳು, ಒಂದೊಂದರ ಮೇಲೂ ಆ್ಯಂಟಿಆಕ್ಸಿಡೆಂಟ್ ಎಂಬ ಶಬ್ದ. ಭಾವ ಅವನ್ನು ಓದಿದರು. ಚಹಾ ಬಂತು. ಅವರು ಬಶಿಯಲ್ಲಿ ಸುರುವಿಕೊಂಡು, ಆರಿಸುತ್ತ, ನನ್ನ ಕಡೆ ನೋಡದೆ ಕೇಳಿದರು.

"ಆವಾಗ ನಾವು ಹಸೀ ಕಾಯಿ ರಸ ಕೊಟ್ಟಿದ್ದು, ಅದರಿಂದ ಅಕಿಗೆ ಏನರ ಕೆಟ್ಟ ಆಗಿತ್ತೇನು? ಖರೆ ಹೇಳು."

"ಇಲ್ರೀ ಭಾವ. ಕೆಟ್ಟದ್ದೂ ಆಗಲಿಲ್ಲ, ಒಳ್ಳೇದೂ ಆಗಲಿಲ್ಲ. ರೋಗ ತನ್ನ ಪಾಡಿಗೆ ತಾ ಹೊಂಟಿತ್ತು."

ಅವರು ಬಶಿಯನ್ನು ಕೆಳಗಿಟ್ಟರು. "ಬಾಯಿ ಉರೀತಿತ್ತು ಅಕಿಗೆ."

ನಾನು ನನ್ನ ಕಪ್ಪನ್ನು ಬದಿಗೆ ಸರಿಸಿದೆ.

"ನನಗ ಗೊತ್ತಿತ್ತು. ಮೊದಲನೇ ದಿನನ ಗೊತ್ತಾತು. ನಾನೂ ಒಂದು ಗುಟುಕು ಕುಡದು ನೋಡಿದ್ದೆ, ಹುಣ್ಣಿಲ್ಲದ ನನ್ನ ಬಾಯಿನ ಉರೀತು. ಅಕಿ ಒಂದ ಸಲ ಬ್ಯಾಡ ಅಂದಿದ್ರ ಬಿಡ್ತಿದ್ದೆ. ಅಕಿ ಅನಲಿಲ್ಲ. ನಾನೂ ಕೊಡೋದು ಬಿಡಲಿಲ್ಲ."

ಅಕ್ಕ ನನಗೆ ಹೇಳಿದ್ದನ್ನು ಅವರಿಗೆ ಹೇಳಬೇಕೆಂದು ಬಾಯಿಯವರೆಗೆ ಬಂತು. ಅವಳು ಯಾಕೆ ಕುಡಿದಳೆಂದು ಗೊತ್ತಾದರೆ ಅವರ ಭಾರ ಇಳಿಯುತ್ತದೋ, ಇನ್ನೂ ಹೆಚ್ಚಾಗುತ್ತದೋ, ಅಲ್ಲಿ ಕೂತು ತೂಗಿ ನೋಡಿದೆ. ನನಗೆ ತಿಳಿಯಲಿಲ್ಲ. ಕಡೆಗೆ ಹೇಳಿದೆ.

"ನೀವು ಕುರ್ಚಿ ಮ್ಯಾಲೆ ಕೂತು ನೋಡೋದು ಅಕಿಗೆ ಸಹನ ಆಗ್ತಿದ್ದಿಲ್ರೀ. ನಿಮಗ ಕೆಲಸ ಇರಲಿ ಅಂತ ಕುಡೀತಿದ್ಲು."

ಹೋಟೆಲಿನ ಹುಡುಗ ಬಂದು ಮೇಜು ಒರೆಸಿ ಹೋದ. ಹೊರಗೆ ಆಟೋಗಳ ಸಪ್ಪಳ. ಆಮೇಲೆ ಭಾವ ತಣ್ಣಗಾದ ಚಹಾವನ್ನು ಕುಡಿದು ಮುಗಿಸಿ, ಎದ್ದರು.

"ನಾನೂ ಹಂಗ ಅಂದ್ಕೊಂಡಿದ್ದೆ" ಎಂದರು. "ಹೋಗ್ತೀನಿ. ಬಸ್ಸಿನ ಹೊತ್ತಾತು."

ಅವರನ್ನು ಬಸ್ಸಿಗೆ ಹತ್ತಿಸಿ ಬಂದೆ. ಕಿಟಕಿಯ ಬದಿಗೆ ಜಾಗ ಸಿಕ್ಕಿತ್ತು. ಅವರು ಕೈ ಬೀಸಲಿಲ್ಲ, ನಾನೂ ಬೀಸಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವರ ತಲೆ ಮುಂದಿನ ಸೀಟಿನ ಕಂಬಿಗೆ ಒರಗಿಯೇ ಇತ್ತು.